ಹೊಟ್ಟೆ ತುಂಬಿದ ರೋಗಾಣು

ಲಸಿಕೆ ತಯಾರಿಸುವ ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಅಡುಗೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳು ಕಾಯಿಸಿ ಬಡಿಸುತ್ತಿದ್ದುದು ಮನುಷ್ಯರಿಗಲ್ಲ, ಗಂಟಲುಮಾರಿಯ ರೋಗಾಣುಗಳಿಗೆ. ಅವಳ ಪೋಷಕ ದ್ರವ ಉಂಡು ಅವು ವಿಷ ಬಿಡಬೇಕು. ಆ ವಿಷದ ಹಲ್ಲು ಕಿತ್ತರೆ ಮಕ್ಕಳಿಗೆ ಲಸಿಕೆ.

ಒಂದೂವರೆ ತಿಂಗಳಿಂದ ವಿಷವೇ ಇಲ್ಲ. ರೋಗಾಣುಗಳೇನೋ ಸೀಸೆಗಳಲ್ಲಿ ಕೆನೆಗಟ್ಟಿದಂತೆ ಸೊಂಪಾಗಿ ಬೆಳೆದಿದ್ದವು. ತಳಿಯೇ ಕೆಟ್ಟಿದೆ, ಸೋಮವಾರ ಎಲ್ಲವನ್ನೂ ಸುಟ್ಟು ಹೊಸದು ತರಿಸೋಣ ಎಂದರು ಹೊಸ ಮುಖ್ಯಸ್ಥರು. ಅವಳು ಕೈಯಾರೆ ಉಣಿಸಿ ಬೆಳೆಸಿದ ತಳಿ ಅದು.

ಅಂದು ಮಧ್ಯಾಹ್ನ ಚಹಾ ಮತ್ತೆ ಮಸಿಯಂತೆ ಕಪ್ಪಾಯಿತು. ನೀರಿನ ಕೊಳವೆ ಬದಲಿಸಿ ಕಬ್ಬಿಣದ್ದು ಹಾಕಿದಾಗಿನಿಂದ ಎಲ್ಲರೂ ಗೊಣಗುತ್ತಿದ್ದುದೇ. ಅವಳು ಮಾತ್ರ ಲೋಟ ಹಿಡಿದು ನಿಂತೇಬಿಟ್ಟಳು. ನೀರಲ್ಲಿ ಕಬ್ಬಿಣ ಕರಗಿದ್ದರೆ ಚಹಾ ಹೀಗೆ ಕಪ್ಪಾಗುತ್ತದೆ. ದ್ರವಕ್ಕೆ ಕಬ್ಬಿಣದ ಸೌಟು ಮುಟ್ಟಿಸಬೇಡ ಎಂದು ಹಳೆಯ ಮುಖ್ಯಸ್ಥರು ಮೊದಲ ದಿನವೇ ತಾಕೀತು ಮಾಡಿದ್ದರು. ಈ ನೀರೇ ಅಲ್ಲವೇ ದ್ರವಕ್ಕೂ ಹೋಗುವುದು? ಸೋಸಿದರೆ ಕಸ ಹೋದೀತು, ಕರಗಿದ ಕಬ್ಬಿಣ ಹೋದೀತೇ?

ನೇರ ಹೊಸ ಮುಖ್ಯಸ್ಥರ ಕೋಣೆಗೆ ನಡೆದಳು.

"ತಳಿ ಕೆಟ್ಟಿಲ್ಲ ಸಾರ್, ಅದರ ಹೊಟ್ಟೆ ತುಂಬಿದೆ ಅಷ್ಟೇ. ಕಬ್ಬಿಣ ಸಿಗದೇ ಇದ್ದಾಗಲೇ ಅವು ವಿಷ ಬಿಡೋದು ಅಂತ ಹಳೇ ಸಾರ್ ಹೇಳ್ತಿದ್ರು. ಕೊಳವೆ ತುಕ್ಕೇ ಬೇಕಾದಷ್ಟು ಸಿಕ್ತಿದ್ರೆ ಯಾಕೆ ಬಿಡ್ತಾವೆ?"

ಅವರು ಕನ್ನಡಕ ತೆಗೆದರು. ಕಬ್ಬಿಣ ಅಂಟಿದ ಪ್ರೋಟೀನೊಂದು ವಿಷದ ಜೀನಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತದೆ, ಕಬ್ಬಿಣ ತೀರಿದರೆ ಎದ್ದು ಹೋಗುತ್ತದೆ ಎಂಬುದು ಅವರೇ ಓದಿದ ಪಾಠ. ಒಂದು ವಾರ ಸಮಯ ಕೊಟ್ಟರು.

ಅವಳು ಎರಡು ಸೀಸೆ ಹೂಡಿದಳು. ಒಂದಕ್ಕೆ ಕೊಳವೆಯ ನೀರು, ಇನ್ನೊಂದಕ್ಕೆ ಗಾಜಿನ ಪಾತ್ರೆಯಲ್ಲಿ ಬಟ್ಟಿ ಇಳಿಸಿದ್ದು. ಏಳನೆಯ ದಿನ ಎರಡರಿಂದಲೂ ತುಸು ದ್ರವ ತೆಗೆದು, ಗಾಜಿನ ನಳಿಗೆಗಳಲ್ಲಿ ಪ್ರತಿವಿಷದೊಂದಿಗೆ ಬೆರೆಸಿ ಬಿಸಿನೀರಲ್ಲಿಟ್ಟರು. ವಿಷವಿದ್ದರೆ ಬಿಳಿ ಹೆಪ್ಪು ಕಾಣಬೇಕು. ಕೊಳವೆ ನೀರಿನ ನಳಿಗೆ ತಿಳಿಯಾಗಿಯೇ ಉಳಿಯಿತು. ಇನ್ನೊಂದರಲ್ಲಿ ಹಿಂಜಿದ ಹತ್ತಿಯಂತೆ ಬಿಳಿ ಚೂರುಗಳು ತೇಲಿದವು.

ಮುಖ್ಯಸ್ಥರು ಸುಡುವ ಆದೇಶವನ್ನು ಅವಳೆದುರೇ ಹರಿದು ಹಾಕಿದರು.

"ನಾನು ಓದಿದ್ದು ಪುಸ್ತಕದಲ್ಲೇ ಉಳೀತು ಅಕ್ಕ. ವರದೀಲಿ ಮೊದಲು ನಿಮ್ಮ ಹೆಸರೇ ಬರುತ್ತೆ."

ಮನೆಯಲ್ಲಿ ಅತ್ತೆಗೆ ವಿಷಯ ಅರ್ಧ ತಿಳಿಯಿತು, ಹಿಗ್ಗು ಮಾತ್ರ ಪೂರ್ತಿ. ಕತ್ತಲಾಗುವುದರೊಳಗೆ ಬೀದಿಯ ಮನೆಮನೆಗೂ ಹೋಗಿ, ಇನ್ನು ಮೇಲೆ ಎಲ್ಲ ಮಕ್ಕಳಿಗೂ ತಮ್ಮ ಸೊಸೆಯ ಕೈಯ ವಿಷವೇ ಎಂದು ಸಾರಿ ಬಂದರು. ಸೊಸೆ ತಿದ್ದಲು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.