ಗಾಳಿಯಿಲ್ಲದ ವಾರ

ಆ ಜನವರಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮೇಲೆ ಮಂಜು ಬಂದು ಕೂತದ್ದು ಏಳಲೇ ಇಲ್ಲ. ಸಂಯುಕ್ತಾ ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಎದುರುಮನೆಯ ಮರದ ತುದಿಕೊಂಬೆ ಕೂಡ ಅಲುಗುತ್ತಿರಲಿಲ್ಲ.

ಸುತ್ತಲಿನ ಕೆಲವು ಊರಾಡಳಿತದ ಕೌನ್ಸಿಲ್‌ಗಳು ಸೇರಿ ಅವಳು ಕೆಲಸ ಮಾಡುವ ಸಣ್ಣ ಕಂಪನಿಗೆ ಒಂದು ಯೋಜನೆ ಒಪ್ಪಿಸಿದ್ದವು. ಮುಂದೊಂದು ದಿನ ಈ ಭಾಗಕ್ಕೆ ಬೇಕಾದ ವಿದ್ಯುತ್ತೆಲ್ಲ ಗಾಳಿ, ಬಿಸಿಲು, ನೀರು ಮತ್ತು ಕಸದಿಂದಲೇ ಬರಬೇಕು. ಕರೆಂಟು ಬಿಲ್ಲು ಮಾತ್ರ ಬಡವರ ಮನೆಗೂ ಭಾರವಾಗಬಾರದು. ಅದು ಹೇಗೆ ಸಾಧ್ಯ ಎಂದು ಅವಳು ಲೆಕ್ಕ ಹಾಕಿ ತೋರಿಸಬೇಕಿತ್ತು. ಒಂದು ವರ್ಷ ದುಡಿದು ತೋರಿಸಿಯೂ ಇದ್ದಳು. ಆದರೆ ಅವಳು ಹಿಡಿದದ್ದು ಸರಾಸರಿ ವರ್ಷದ ಗಾಳಿಯನ್ನು. ಸೋಮವಾರ ಸುಮ್ಮನೆ ಕುತೂಹಲಕ್ಕೆಂದು ಹಿಂದಿನ ಏಳು ದಿನಗಳ ಗಾಳಿಯನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದಳು. ಲೆಕ್ಕದಲ್ಲಿ ಎರಡೇ ದಿನಕ್ಕೆ ಊರುಗಳೆಲ್ಲ ಕತ್ತಲೆಗೆ ಬಿದ್ದವು. ಕೊರತೆ ತುಂಬಲು ಬ್ಯಾಟರಿಗಳನ್ನು ಸೇರಿಸಿದರೆ ಬಿಲ್ಲು ನಾಲ್ಕು ಪಟ್ಟು ಏರಿತು.

ಅವಳ ಮೇಲಧಿಕಾರಿ ಹೆಲೆನ್‌ಗೆ ಇದು ದೊಡ್ಡ ವಿಷಯವೆನಿಸಲಿಲ್ಲ. ಇಂಥ ವಾರ ಅಪರೂಪ, ಗುರುವಾರದ ಸಭೆಗೆ ಸರಾಸರಿ ವರ್ಷವನ್ನೇ ತೋರಿಸು, ಉಳಿದದ್ದು ಆಮೇಲೆ ನೋಡೋಣ ಎಂದಳು. ಸಂಯುಕ್ತಾ ತಲೆಯಾಡಿಸಿ ಮನೆಗೆ ಬಂದಳು. ಮನಸ್ಸು ಮಾತ್ರ ತಲೆಯಾಡಿಸಲಿಲ್ಲ.

ಅವಳ ಗಂಡ ಗುಣಪಾಲ ಕಾರ್ಕಳದವನು. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿಯವರು. ಈಗ ಅವನು ಟ್ರೆಂಟ್ ನದಿಯ ದಂಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿದ್ದ. ಹೆಂಡತಿ ಗಂಡನ ಕೆಲಸಕ್ಕೆ ಬೀಗ ಹಾಕಿಸುತ್ತಿದ್ದಾಳೆ ಎಂದು ಗೆಳೆಯರು ತಮಾಷೆ ಮಾಡಿದಾಗ ಗಂಡಹೆಂಡತಿ ಇಬ್ಬರೂ ನಗುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಅವನು ಶಿಫ್ಟ್ ಮುಗಿಸಿ ಬಂದಾಗ ಕಣ್ಣು ಕೆಂಪಾಗಿತ್ತು. ಗಾಳಿಯಿಲ್ಲದ್ದಕ್ಕೆ ಸ್ಥಾವರ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡುತ್ತಿತ್ತು.

"ಎಂತ ಆಯ್ತು? ಮುಖ ಯಾಕೆ ಹಾಗುಂಟು?" ಎಂದು ತಟ್ಟೆಯ ಮುಂದೆ ಕೂತ.

"ನನ್ನ ಪ್ಲಾನ್ ಇದ್ದಿದ್ರೆ ಇವತ್ತು ಊರೆಲ್ಲ ಕತ್ತಲೆ."

"ಇರ್ಲಿ ಮಾರಾಯ್ತಿ. ನಾವಿದ್ದೇವಲ್ಲ."

"ನೀವು ಇರಬಾರದು ಅಂತಾನೇ ಅಲ್ವಾ ನಾನು ಪ್ಲಾನ್ ಮಾಡ್ತಿರೋದು?"

ಆಡಿದ ಮೇಲೆ ಆ ಮಾತು ಎಷ್ಟು ಗಡುಸಾಗಿತ್ತೆಂದು ಅವಳಿಗೆ ತಿಳಿಯಿತು. ಗುಣಪಾಲ ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈತೊಳೆದು ಮಹಡಿಗೆ ಹೋದ.

ಮರುದಿನ ಶಿಫ್ಟ್ ಮುಗಿಸಿ ಬಂದವನು ಕೋಟು ಬಿಚ್ಚಲಿಲ್ಲ. "ಬಾ, ಒಂದು ತೋರಿಸ್ಲಿಕ್ಕುಂಟು" ಎಂದ. ನದಿಯ ಪಕ್ಕದ ಕಾಲುದಾರಿಯಲ್ಲಿ ನಡೆದು ಸ್ಥಾವರದ ಹಿಂಬದಿಯ ಬೇಲಿಯ ಬಳಿ ನಿಂತರು. ನೀರು ತಣಿಸುವ ದೈತ್ಯ ಕೂಲಿಂಗ್ ಟವರುಗಳ ಬುಡದಲ್ಲಿ ಮೋಟು ಚಿಮಣಿಗಳ ಒಂದು ಶೆಡ್ಡಿತ್ತು.

"ಅದು ಗ್ಯಾಸ್ ಟರ್ಬೈನ್. ಈಗ ಎಣ್ಣೆ ಹಾಕ್ತೇವೆ, ಗ್ಯಾಸಲ್ಲೂ ಓಡ್ತದೆ. ವರ್ಷದಲ್ಲಿ ಒಂದೆರಡು ದಿನ ಓಡಿದ್ರೆ ಹೆಚ್ಚು. ಉಳಿದ ಹೊತ್ತು ಸುಮ್ಮನೆ ಕೂತಿರ್ತದೆ. ಕಟ್ಲಿಕ್ಕೆ ಅಗ್ಗ, ಓಡಿಸ್ಲಿಕ್ಕೆ ದುಬಾರಿ. ನಿಂಗೆ ಬೇಕಾದ್ದು ವರ್ಷಕ್ಕೊಂದು ವಾರ ಅಲ್ವಾ? ದುಬಾರಿಯಾದ್ರೆ ಆಗ್ಲಿ."

"ಅದಕ್ಕೆ ಎಣ್ಣೆ ಬೇಕಲ್ಲ ಗುಣ. ನನ್ನ ಪ್ಲಾನಲ್ಲಿ ಎಣ್ಣೆ ಇಲ್ಲ."

"ಕಸದಿಂದ, ಸಗಣಿಯಿಂದ ಗ್ಯಾಸ್ ತೆಗೀತೇನೆ ಅಂತಿದ್ಯಲ್ಲ. ಅದನ್ನು ದಿನಾ ಸುಡೋದು ಯಾಕೆ? ಕೂಡಿಡು."

ಸಂಯುಕ್ತಾ ಬೇಲಿ ಹಿಡಿದು ನಿಂತಳು. ಇಡೀ ವರ್ಷ ಗ್ಯಾಸನ್ನು ದಿನದಿನವೂ ಖರ್ಚು ಮಾಡುತ್ತಾ ಬಂದಿದ್ದಳು. ಉಳಿಸಿಡುವ ಯೋಚನೆಯೇ ಬಂದಿರಲಿಲ್ಲ. ಈಗಲೇ ಓಡಿಹೋಗಿ ಲೆಕ್ಕ ಹಾಕಬೇಕೆನಿಸಿತು. ಆದರೂ ಕೇಳಿದಳು: "ಇದು ಸರಿಹೋದ್ರೆ ನಿನ್ನ ಪ್ಲಾಂಟ್ ಬೇಕಾಗಲ್ಲ. ಗೊತ್ತಲ್ವಾ?"

"ಗೊತ್ತುಂಟು."

"ಮತ್ತೆ ಯಾಕೆ ಹೇಳ್ದೆ?"

"ನೀನು ಅರ್ಧ ಲೆಕ್ಕ ಹಿಡ್ಕೊಂಡು ಅವರ ಮುಂದೆ ನಿಲ್ಲೋದು ನಂಗೆ ಬೇಡ" ಎಂದ. ಬೇಲಿಯಿಂದ ಈಚೆ ತಿರುಗಿ, "ಆಮೇಲೆ ನಾನು ಎಂತ ಮಾಡೋದು ಅಂತ ಮಾತ್ರ ಗೊತ್ತಿಲ್ಲ" ಎಂದ.

ಅಂದು ರಾತ್ರಿ ಹಾಕಿದ ಹೊಸ ಲೆಕ್ಕದಲ್ಲಿ ದೀಪಗಳು ಆರಲಿಲ್ಲ. ಬಿಲ್ಲು ತುಸುವೇ ಏರಿತು. ಗುರುವಾರ ಹೆಲೆನ್ ಮುಖ ಗಂಟಿಕ್ಕಿದರೂ ಸಂಯುಕ್ತಾ ಗಾಳಿಯಿಲ್ಲದ ವಾರವನ್ನೇ ಮೊದಲು ತೆರೆಯ ಮೇಲೆ ಹಾಕಿದಳು. ಕೌನ್ಸಿಲ್‌ಗಳ ಸಮಿತಿಯವರು ಮುಂದಕ್ಕೆ ಬಾಗಿ ಕೇಳಿದರು. ಕೊನೆಯಲ್ಲಿ ಬ್ರಯಾನ್ ಎಂಬ ವಯಸ್ಸಾದ ಕೌನ್ಸಿಲರ್ ಕೈಯೆತ್ತಿದ. ಅವನು ಮೊದಲು ಕಲ್ಲಿದ್ದಲು ಗಣಿಯಲ್ಲಿದ್ದವನು.

"ಆ ಸ್ಥಾವರದಲ್ಲಿರುವ ಜನ ಏನಾಗುತ್ತಾರೆ?"

"ಅದು ಯೋಜನೆಯಲ್ಲಿಲ್ಲ" ಎಂದಳು ಸಂಯುಕ್ತಾ.

"ನಮ್ಮ ಗಣಿ ಮುಚ್ಚಿದಾಗಲೂ ಇರಲಿಲ್ಲ" ಎಂದ ಬ್ರಯಾನ್. "ಈ ಕರೆಂಟು ಅಗ್ಗ ಅನ್ನುತ್ತೀರಿ. ಆ ಜನರ ಖರ್ಚು ಸೇರಿಸಿದ ಮೇಲೂ ಅಗ್ಗವಾ, ನೋಡಿಕೊಂಡು ಬನ್ನಿ."

ಸಮಿತಿ ಯೋಜನೆಯನ್ನು ಹಿಂದಕ್ಕೆ ಕಳಿಸಿತು. ಟ್ರ್ಯಾಮಿನಲ್ಲಿ ಬರುವಾಗ ಮೊದಲು ಅವಳಿಗೆ ಬ್ರಯಾನ್ ಮೇಲೆ ಸಿಟ್ಟು ಬಂತು. ಇಳಿಯುವ ಹೊತ್ತಿಗೆ ಆ ಸಿಟ್ಟು ತನ್ನ ಕಡೆಗೇ ತಿರುಗಿತ್ತು. ಗಂಡ ಬೇಲಿಯ ಬಳಿ ಅದನ್ನೇ ಹೇಳಿದ್ದ; ಅವಳು ಟರ್ಬೈನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದಳು.

"ನಿಮ್ಮಲ್ಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರೆ, ಹೇಳ್ತೀಯಾ?" ಎಂದು ಅಂದು ಸಂಜೆ ಕೇಳಿದಳು.

"ನಾನು ಹೇಳೋದಿಲ್ಲ. ಬೇಕಾದ್ರೆ ನೀನೇ ಬಂದು ಅವರನ್ನು ಕೇಳು."

ಅವನು ಅನುಮತಿ ತಂದುಕೊಟ್ಟ. ಕ್ಯಾಂಟೀನಿನಲ್ಲಿ ಮೂವತ್ತು ನಲವತ್ತು ಜನ ಕೈಕಟ್ಟಿ ಕೂತಿದ್ದರು. ಸ್ಥಾವರ ಇನ್ನೆಷ್ಟು ವರ್ಷ ಎಂದು ಬಾಯ್ಲರ್ ವಿಭಾಗದವನೊಬ್ಬ ಕೇಳಿದ. ಹಿತವಾದದ್ದೇನಾದರೂ ಹೇಳಬಹುದಿತ್ತು. "ಹದಿನೈದು. ಇನ್ನೂ ಬೇಗ ಆದರೂ ಆಗಬಹುದು" ಎಂದಳು. ಕೆಲವರು ಎದ್ದು ಹೊರಟರು. ಆಗ ಹಿಂದಿನ ಸಾಲಿನಲ್ಲಿದ್ದ ಗುಣಪಾಲ ಕುರ್ಚಿ ಎತ್ತಿಕೊಂಡು ಬಂದು ಅವಳ ಪಕ್ಕದಲ್ಲೇ ಹಾಕಿ ಕೂತ. ಉಳಿದವರು ಒಬ್ಬೊಬ್ಬರಾಗಿ ಮಾತಾಡತೊಡಗಿದರು.

ಅವರ ತರಬೇತಿಯ, ಹೊಸ ಕೆಲಸ ಸಿಗುವವರೆಗಿನ ಸಂಬಳದ ಖರ್ಚು ಸೇರಿದಾಗ ಬಿಲ್ಲು ಇನ್ನಷ್ಟು ಏರಿತು, ಕೈಮೀರಲಿಲ್ಲ. ವಸಂತದಲ್ಲಿ ಸಮಿತಿ ಯೋಜನೆಯನ್ನು ಒಪ್ಪಿತು, ಬ್ರಯಾನ್ ಕೂಡ. ಹಣ ಸಿಕ್ಕಿದ್ದು ಮೊದಲ ಭಾಗಕ್ಕೆ ಮಾತ್ರ: ಕಸದ ಗ್ಯಾಸಿನ ಒಂದು ಘಟಕ, ಎರಡು ಟರ್ಬೈನ್. ಅಲ್ಲಿಗೆ ಸ್ಥಾವರದ ಆರು ಜನ ಹೋದರು. ಗುಣಪಾಲ ಅರ್ಜಿ ಹಾಕಲಿಲ್ಲ.

"ಯಾಕೆ?" ಎಂದು ಸಂಯುಕ್ತಾ ಊಟದ ಹೊತ್ತಿಗೆ ಕೇಳಿದಳು.

"ಹದಿನೈದು ವರ್ಷಕ್ಕೆ ನಂಗೆ ಐವತ್ತಾರು ಆಗ್ತದೆ. ಮುಚ್ಚುವಾಗ ಒಳಗೆ ಯಾರಾದ್ರೂ ಗೊತ್ತಿದ್ದವರು ಬೇಕಲ್ಲ" ಎಂದ. ನಂತರ, "ನಿನ್ನ ಲೆಕ್ಕ ತಪ್ಪಿದ್ರೂ ತಪ್ಪೀತು, ಆಗ ಪ್ಲಾಂಟ್ ಬೇಕಾಗ್ತದೆ."

"ತಪ್ಪಬಹುದು" ಎಂದಳು ಸಂಯುಕ್ತಾ. ತಪ್ಪಲಿ ಎಂದು ಆಸೆಪಡಬೇಕೋ ಬೇಡವೋ ತಿಳಿಯದೆ, ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.