ತುಟಿಯಂಚಿನ ಗುಂಡುಸೂಜಿ

ಕೆಲಸಕ್ಕೆ ಕೂತರೆ ಆ ಹೊಲಿಗೆಯವಳ ಬಾಯಿಂದ ಬರುತ್ತಿದ್ದದ್ದು ಎರಡೇ: ‘ಹ್ಞೂಂ’, ‘ಉಹೂಂ’. ಮಿಕ್ಕ ಮಾತಿಗೆ ಜಾಗವೆಲ್ಲಿ? ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ. ಗಿರಾಕಿಯ ಮುಂದೆ ಮಂಡಿಯೂರಿ, ಲಂಗದ ಅಂಚು ಮಡಿಸಿ, ಬಾಯಿಂದ ಒಂದೊಂದೇ ತೆಗೆದು ಚುಚ್ಚುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದನ್ನೂ ನುಂಗಿಲ್ಲ ಎಂಬ ಜಂಬ ಬೇರೆ!

ಅವಳ ಹದಿನಾರು ತಿಂಗಳ ಮಗಳಿಗೆ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಬಟನ್’ ಅಂತ. ಬಟನ್ ಇನ್ನೂ ಒಂದು ಮಾತೂ ಆಡಿರಲಿಲ್ಲ. ಏನು ಕೇಳಿದರೂ ತುಟಿ ಬಿಗಿದು ‘ಹ್ಞೂಂ’, ‘ಉಹೂಂ’.

“ಇವಳ ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಬರೋಣ ಅತ್ತೆ. ನಂಗ್ಯಾಕೋ ಭಯ ಆಗ್ತಿದೆ.”

“ಅದರ ಕಿವಿ ನೆಟ್ಟಗಿದೆ. ಬಿಸ್ಕತ್ ಡಬ್ಬಿ ಮುಚ್ಚಳ ತೆಗೆದ್ರೆ ಸಾಕು, ಆ ರೂಮಿಂದ ಓಡಿ ಬರತ್ತೆ. ಮೊದ್ಲು ನೀನು ಬಾಯಿಂದ ಸೂಜಿ ತೆಗಿ. ಮಗು ನೋಡ್ತಿರತ್ತೆ.”

ಮಗುವಿನ ಕೈಗೆ ಏನು ಸಿಕ್ಕರೂ ಅಂಗೈ ಚಾಚಿ, ಹುಬ್ಬು ಗಂಟಿಕ್ಕಿ, “ತಾ” ಎಂದು ಇಸಿದುಕೊಳ್ಳುವ ಅತ್ತೆಗೆ ಸೊಸೆಯ ಬಾಯಿಗೆ ಕೈಹಾಕಲು ಆಗುತ್ತಿರಲಿಲ್ಲ. ಸೊಸೆಯೋ, ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಂದು ಮಧ್ಯಾಹ್ನ ಬಾಗಿಲಿಗೆ ಬಂದ ಗಿರಾಕಿಗೆ ಬಟ್ಟೆ ಕೊಟ್ಟು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಬಟನ್ ನೆಲದಲ್ಲಿ ಮಂಡಿಯೂರಿದ್ದಳು. ಗೋಡೆಗೆ ಒರಗಿಸಿದ ಗೊಂಬೆ, ಗೊಂಬೆಯ ಸೊಂಟಕ್ಕೆ ಬಟ್ಟೆಯ ಚೂರು, ಪಕ್ಕದಲ್ಲಿ ಮೇಜಿನಿಂದ ಬಿದ್ದ, ಸೂಜಿ ಚುಚ್ಚಿಡುವ ಪುಟ್ಟ ದಿಂಬು. ತಲೆ ವಾಲಿಸಿ ಗೊಂಬೆಯನ್ನು ನೋಡಿ “ಹ್ಞೂಂ” ಎಂದಳು. ಅವಳ ತುಟಿಗಳ ನಡುವೆ ಮೂರು ಗುಂಡುಸೂಜಿ ಇದ್ದವು.

ಹೊಲಿಗೆಯವಳು ಕೂಗಲು ಹೋಗಿ ತಡೆದುಕೊಂಡಳು. ಕೂಗಿದರೆ ಮಗು ಬೆಚ್ಚಿ ಉಸಿರೆಳೆದೀತು, ಸೂಜಿ ಗಂಟಲಿಗೆ. ಓಡಿ ಹಿಡಿದರೆ ಆಟವೆಂದು ನಕ್ಕೀತು, ಆಗಲೂ ಗಂಟಲಿಗೇ. ಹಿಂದೆಯೇ ಬಂದ ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಕಲ್ಲಾದರು. ಎಲ್ಲ ತನ್ನಿಂದಲೇ, ಇದನ್ನು ತಾನೇ ಕಲಿಸಿದ್ದು ಎಂಬುದು ಹೊಲಿಗೆಯವಳಿಗೆ ಆ ಕ್ಷಣ ಗೊತ್ತಾಯಿತು. ಹಾಗಾದರೆ ಬಿಡಿಸುವುದನ್ನೂ ತಾನೇ ಕಲಿಸಬೇಕು.

ಮೆಲ್ಲಗೆ ಬಂದು ಮಗುವಿನ ಎದುರು ಮಂಡಿಯೂರಿದಳು. ದಿಂಬಿನಿಂದ ಕೈಗೆ ಬಂದಷ್ಟು ಸೂಜಿ ಕಿತ್ತು ತನ್ನ ತುಟಿಗಿಟ್ಟಳು. ಬಟನ್ ಕಣ್ಣರಳಿಸಿದಳು. ತಾಯಿ ಒಂದನ್ನು ತೆಗೆದು ದಿಂಬಿಗೆ ಚುಚ್ಚಿದಳು. ಪುಟ್ಟ ಬೆರಳುಗಳು ತುಟಿಗೆ ಹೋದವು, ಒಂದು ಸೂಜಿ ದಿಂಬಿಗೆ ಬಂತು. ತಾಯಿ ಇನ್ನೊಂದು, ಮಗು ಇನ್ನೊಂದು. ಮೂರನೆಯದು ಬೆರಳಿಂದ ಜಾರಿ ತುಟಿಯಂಚಿನಲ್ಲಿ ಓಲಾಡಿತು. ಬೆರಳು ತಡಕಾಡಿತು, ಹಿಡಿಯಿತು, ಚುಚ್ಚಿತು.

ದಿಂಬನ್ನು ದೂರ ತಳ್ಳಿ ಅವಳು ಮಗುವನ್ನು ಬಾಚಿಕೊಳ್ಳಲು ಹೋದಳು. ಆದರೆ ಮಗು ಅವಳನ್ನು ತಡೆದು, ಅವಳ ಬಾಯನ್ನೇ ನೋಡುತ್ತಿತ್ತು. ಅಲ್ಲಿನ್ನೂ ಒಂದು ಸೂಜಿ ಉಳಿದಿತ್ತು, ಅವಳಿಗೇ ಮರೆತುಹೋಗಿತ್ತು.

ಬಟನ್ ಅಂಗೈ ಚಾಚಿದಳು. ಅಜ್ಜಿಯಂತೆ ಹುಬ್ಬು ಗಂಟಿಕ್ಕಿದಳು. ಬಿಗಿದ ತುಟಿ ತೆರೆದು ತನ್ನ ಮೊದಲ ಮಾತು ಆಡಿದಳು:

“ತಾ.”

ಆ ಪುಟ್ಟ ಅಂಗೈಗೆ ಸೂಜಿ ಕೊಡಲಾದೀತೆ? ಹೊಲಿಗೆಯವಳು ಅದನ್ನು ಬಾಯಿಂದ ತೆಗೆದು ಅತ್ತೆಯ ಕೈಗಿಟ್ಟಳು. ಆಮೇಲೆ ಬಾಯಿಬಿಟ್ಟು ಅತ್ತಳು.