ಶಟ್ಟೆಪ್ಪನ ಗುಳಗಿ, ಮಾಂತೇಶನ ಕನ್ಯಾ

ಗಂಡನ ಹೆಸರು ಹೇಳಬಾರದು ಅಂತಾರ. ನನಗ ಸಿಟ್ಟು ಬಂದೈತಿ, ಹೇಳತೇನಿ: ಶಟ್ಟೆಪ್ಪ. ಇವರಿಗೆ ಎಚ್‌ಐವಿ ಐತಿ ಅಂತ ಗೊತ್ತಾದಾಗ ಡಾಕ್ಟರು, "ಗಟ್ಟಿಮುಟ್ಟ ಇದ್ದಾಗನ ಗುಳಗಿ ಚಾಲೂ ಮಾಡ್ರಿ, ಎಲ್ಲಾರಂಗ ಬಾಳತೀರಿ" ಅಂದಿದ್ರು. ಗುಳಗಿ ಪುಕ್ಕಟೆ. ಆದ್ರ ಬೈಲಹೊಂಗಲದಾಗ ತಗೊಂಡ್ರ ಸಂತಿಗೆ ಬಂದ ನಮ್ಮೂರು ದೊಡವಾಡದ ಮಂದಿ ನೋಡತೈತಿ ಅಂತ ಇವರಿಗೆ ಹೆದರಿಕಿ. ಧಾರವಾಡಕ್ಕ ಹೋಗೂಣು ಅಂದ್ರು.

ಹೋಗಬೇಕಲ್ಲ! ಹೊಸ್ತಲ ದಾಟಿದ ಕೂಡಲೆ ಯಾರರ "ಎಲ್ಲಿಗೆ ಹೊಂಟ್ರಿ?" ಅಂತಾರ. ಹಂಗ ಕೇಳಿದ್ರ ಹೋದ ಕೆಲಸ ಕೆಡತೈತಿ ಅಂತ ಇವರು ವಾಪಸ್ ಬಂದು, ನೀರು ಕುಡುದು, ಕುಂತ ಬಿಡತಾರ. ಅಷ್ಟರಾಗ ಬಸ್ಸು ಹೋಗಿರತೈತಿ. ಹಿಂಗ ಒಂದು ತಿಂಗಳು ಹೋತು. ರೋಗ ನಮ್ಮನ್ಯಾಗ, ಔಷಧ ಧಾರವಾಡದಾಗ, ನಡುವ ಓಣಿ ಮಂದಿ!

ಕಡೀಕ ನಾನ ಬಾಗಲದಾಗ ನಿಂತು ಒದರಿದೆ: "ನಮ್ಮ ಮಗ ಮಾಂತೇಶಗ ಕನ್ಯಾ ನೋಡಾಕ ಧಾರವಾಡಕ್ಕ ಹೊಂಟೇವಿ!" ಯಾರೂ ಏನೂ ಕೇಳಲಿಲ್ಲ. ಆದ್ರ ಬಾಜೂಮನಿ ಗುರವ್ವತ್ತಿ ಇಳಕಲ್ ಸೀರಿ ಉಟ್ಕೊಂಡು, ತೆಂಗಿನಕಾಯಿ ಹಿಡಕೊಂಡು ನಮಗಿಂತ ಮೊದಲ ಬಸ್ ಏರಿ ಕುಂತಿದ್ದಳು.

"ಹಿರೇರಿಲ್ದ ಕನ್ಯಾ ನೋಡತಾರೇನ ಮಾಯವ್ವಾ?"

ದವಾಖಾನಿ ಮಟಾ ಬೆನ್ನ ಬಿಡಲಿಲ್ಲ. ಹುಡುಗಿ ಇಲ್ಲೇ ನೌಕರಿ ಮಾಡತಾಳ ಅಂತ ತಾನ ತಿಳಕೊಂಡಳು. ಬಾಕಿನ ಮ್ಯಾಲೆ ಕುಂತಿದ್ದ ಧಾರವಾಡದವರೊಬ್ರು, "ನಮ್ಮನಿ ಇಲ್ಲೇ ಹಿಂದ ಐತ್ರಿ, ಗೊತ್ತಾದ ದಿನಾನ ಗುಳಗಿ ಚಾಲೂ ಮಾಡಿದೆ" ಅಂತ ನನ್ನ ಕಿವಿಯಾಗ ಹೇಳಿದ್ರು. ನನಗ ಹೊಟ್ಟಿ ಉರೀತು. ಅದ ರೋಗ, ಅದ ಗುಳಗಿ, ನಮಗಷ್ಟ ಒಂದು ತಿಂಗಳು ದಂಡ.

ಅಷ್ಟರಾಗ ಗುರವ್ವತ್ತಿ ಒಳಗ ನುಗ್ಗಿ, ಸಿಸ್ಟರ್ ಮಂಜುಳಾನ ಮುಂದ ಕಾಯಿ ಇಟ್ಟು, "ರೊಟ್ಟಿ ಬಡಿಯಾಕ ಬರತೈತೇನವಾ? ಒಂದೀಟು ನಡದು ತೋರಸು" ಅಂದಳು.

"ನನ್ನ ಮದುವಿ ಆಗೇತ್ರಿ ಆಯಿ," ಅಂತ ಮಂಜುಳಾ ತಾಳಿ ತೋರಿಸಿದಳು.

ಗುರವ್ವತ್ತಿ ನನ್ನ ಕಡೆ ದುರುಗುಟ್ಟಿ ನೋಡಿದಳು. ಇವರು ಎದ್ದು ನಿಂತ್ರು.

"ಕನ್ಯಾ ಇಲ್ಲ ಏನಿಲ್ಲ ಅತ್ತಿ. ನನಗ ಎಚ್‌ಐವಿ ಐತಿ. ಸಿಸ್ಟರ್, ಇವತ್ತ ಚಾಲೂ ಮಾಡ್ರಿ."

ತಪಾಸಣಿ ಮುಗಿಸಿ ಒಂದು ತಿಂಗಳ ಗುಳಗಿ ಕೊಟ್ರು. ಒಂದು ದಿನಾನೂ ತಪ್ಪಸಬ್ಯಾಡ್ರಿ, ತಿಂಗಳಿಗೊಮ್ಮಿ ಬರ್ರಿ ಅಂದ್ರು.

ವಾಪಸ್ ಬರೂಮುಂದ ಗುರವ್ವತ್ತಿ ಕಿಡಕಿ ಹೊರಗ ನೋಡಕೋತ ಕುಂತಳು. ನನಗ ಒಂದ ಹೆದರಿಕಿ: ಈಕಿ ಬಾಯಿ ಬಿಟ್ರ ಇವರು ನಾಚಿಕಿಗೆ ಮನಿ ಬಿಟ್ಟು ಹೊರಗ ಬರೂದಿಲ್ಲ, ಗುಳಗಿ ನಿಂತ ಹೋಗತಾವು. ದೊಡವಾಡದಾಗ ಇಳದ ಕೂಡಲೆ ಮಂದಿ ಮುಕುರಿದರು.

"ಕನ್ಯಾ ಹೆಂಗದಾಳ?"

ಗುರವ್ವತ್ತಿ ಸೆರಗು ಸರಿ ಮಾಡ್ಕೊಂಡಳು. "ಮನಸಿಗೆ ಬರಲಿಲ್ಲ. ಮುಂದಿನ ತಿಂಗಳ ಮತ್ತ ನೋಡಾಕ ಹೋಗತೇವಿ. ಅದರಾಚಿ ತಿಂಗಳಾನೂ. ಶಟ್ಟೆಪ್ಪನ ಜೋಡಿ ನಾನೂ ಹೋಗಾಕಿ."

ನಾನು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಮಂದಿ, ಪಾಪ, ಮಗನ ಮದುವಿ ಚಿಂತಿ ಅಂದ್ಕೊಂಡ್ರು.